ಕುರಿ ಕಾಯುವ ನಾಯಿಗೆ ಉಣ್ಣಿ ಔಷಧಿ: ಡ್ರಾಪ್ಸಾ, ಬೆಲ್ಟಾ, ಮಾತ್ರೆಯಾ?

ನಿಮ್ಮವು ಎರಡು ನಾಯಿ. ಹಗಲು ಕುರಿ ಹಿಂದೆ, ಮಧ್ಯಾಹ್ನ ನಾಲೆಯಲ್ಲಿ, ರಾತ್ರಿ ದೊಡ್ಡಿ ಕಾವಲು. ಡ್ರಾಪ್ಸು, ಬೆಲ್ಟು, ಮಾತ್ರೆ ಮೂರರಲ್ಲಿ ಕಡಿಮೆ ಖರ್ಚಿಗೆ ಜಾಸ್ತಿ ದಿನ ಬರುವುದು ಯಾವುದು ಅಂತ ಕೇಳಿದ್ದೀರಿ. ನಾನೂ ಅಂಗಡಿಯಲ್ಲಿ ಇದೇ ಮಾತು ಕೇಳಿ, ಡ್ರಾಪ್ಸು ತಂದಿದ್ದೆ.

ನಮ್ಮದು ಮಳವಳ್ಳಿ ಕಡೆ. ಬಂಡೂರು ಕುರಿ ಸಾಕಿದ್ದೇವೆ. ಗಿಡ್ಡ ಕಾಲಿನ, ಮೈ ತುಂಬಿದ ಕುರಿ, ಓಡಿ ತಪ್ಪಿಸಿಕೊಳ್ಳುವ ಜಾತಿಯಲ್ಲ. ಸುತ್ತ ಕಬ್ಬು. ಆಳೆತ್ತರ ಬೆಳೆದ ಕಬ್ಬಿನೊಳಗೆ ಚಿರತೆ ಮರಿ ಹಾಕಿದರೂ ಹೊರಗೆ ಗೊತ್ತಾಗುವುದಿಲ್ಲ. 2022ರ ಕೊನೆಗೆ, 2023ರ ಶುರುವಿಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ಮನುಷ್ಯರನ್ನೇ ಕೊಂದಿತಲ್ಲ, ಆಗ ನಮ್ಮೂರಲ್ಲೂ ಕತ್ತಲಾದ ಮೇಲೆ ಯಾರೂ ಹೊರಗೆ ಬರುತ್ತಿರಲಿಲ್ಲ. ದೊಡ್ಡಿ ಹತ್ತಿರ ಕರಿಯ ಇರುತ್ತಿದ್ದ. ನಾಟಿ ನಾಯಿ. ಅವನು ಬೊಗಳುವ ದನಿಯಲ್ಲೇ ಬಂದಿರುವುದು ನರಿಯೋ, ಬೀದಿನಾಯಿಯೋ, ಚಿರತೆಯೋ ಅಂತ ಹೇಳಬಹುದಿತ್ತು. ಅಂಥ ನಾಯಿ ಉಣ್ಣಿ ಜ್ವರಕ್ಕೆ ಹೋಯಿತು.

ಹೇಗೆ ಹೋಯಿತು ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ನೀವು ಬರೆದದ್ದನ್ನು ನೋಡಿದರೆ ನೀವೂ ಅಲ್ಲಿಗೇ ಹೊರಟಿದ್ದೀರಿ.

ನಾನು ತಂದಿದ್ದು ಫಿಪ್ರೊನಿಲ್ ಡ್ರಾಪ್ಸು. ಕತ್ತಿನ ಹಿಂದೆ ಕೂದಲು ಸರಿಸಿ ಚರ್ಮದ ಮೇಲೆ ಹಾಕುವುದು. ಅದು ರಕ್ತಕ್ಕೆ ಇಳಿಯುವ ಔಷಧಿಯಲ್ಲ. ಚರ್ಮದ ಎಣ್ಣೆ ಜಿಡ್ಡಿನ ಜೊತೆ ಸೇರಿ ಒಂದೆರಡು ದಿನದಲ್ಲಿ ಮೈಯೆಲ್ಲ ಹರಡುತ್ತದೆ, ರೋಮದ ಬುಡದಲ್ಲಿ ಕೂತು ನಿಧಾನಕ್ಕೆ ಕೆಲಸ ಮಾಡುತ್ತದೆ. ಅಂದರೆ ಆ ಜಿಡ್ಡೇ ಔಷಧಿಗೆ ಆಧಾರ. ಅದಕ್ಕೇ ಹಾಕುವ 48 ಗಂಟೆ ಮುಂಚೆ, ಹಾಕಿದ 48 ಗಂಟೆ ಆಮೇಲೆ ಸ್ನಾನ ಬೇಡ ಅನ್ನುತ್ತಾರೆ. ನಾನು ಮಾಡಿದ್ದೇನು? ಮೈ ಶುಭ್ರವಾಗಿದ್ದರೆ ಔಷಧಿ ಚೆನ್ನಾಗಿ ಹಿಡಿಯುತ್ತದೆ ಅಂದುಕೊಂಡು ಶಾಂಪೂ ಹಾಕಿ ತಿಕ್ಕಿ ತೊಳೆದೆ. ಒಣಗಿದ ಕೂಡಲೇ ಡ್ರಾಪ್ಸು ಹಾಕಿದೆ. ಮಾರನೇ ಮಧ್ಯಾಹ್ನ ಅವನು ಎಂದಿನಂತೆ ನಾಲೆಗೆ ಇಳಿದ. ಅದರ ಮಾರನೇ ದಿನವೂ ಇಳಿದ. ಪ್ಯಾಕೆಟ್ ಮೇಲೆ ಒಂದು ತಿಂಗಳು ಅಂತ ಇತ್ತು, ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡೆ. ಆ ತಿಂಗಳ ಲೆಕ್ಕ ದಿನಾ ನೀರಿಗೆ ಬೀಳುವ ನಾಯಿಗೆ ನಿಲ್ಲುವುದಿಲ್ಲ.

ಔಷಧಿ ತೊಳೆದು ಹೋಗಿದ್ದಷ್ಟೇ ಆಗಿದ್ದರೆ ಕರಿಯ ಬದುಕುತ್ತಿದ್ದ. ಕೊಂದಿದ್ದು ಕ್ಯಾಲೆಂಡರಿನ ಗುರುತು. ಔಷಧಿ ಹಾಕಿದೆ ಅನ್ನುವ ಧೈರ್ಯಕ್ಕೆ ನಾನು ಅವನ ಮೈಮೇಲೆ ಕೈಯಾಡಿಸುವುದನ್ನೇ ಬಿಟ್ಟೆ. ಊಟ ಅರ್ಧಕ್ಕೆ ಬಿಟ್ಟ, ಬಿಸಿಲು ಜಾಸ್ತಿ ಅಂದುಕೊಂಡೆ. ಮಂದೆಯ ಹಿಂದೆ ಬೀಳತೊಡಗಿದ, ವಯಸ್ಸಾಯಿತು ಅಂದುಕೊಂಡೆ. ಮನೆಯವಳು ಉಣ್ಣಿ ಜ್ವರ ಇರಬಹುದು ನೋಡಿ ಅಂದಳು. ‘ಔಷಧಿ ಹಾಕಿದ್ದೀನಲ್ಲ, ಅದು ಹೇಗೆ ಬರುತ್ತೆ’ ಅಂತ ಅವಳ ಬಾಯಿ ಮುಚ್ಚಿಸಿದೆ. ಮೂಗಿನಲ್ಲಿ ರಕ್ತ ಬಂದ ದಿನ ಆಟೋದಲ್ಲಿ ಹಾಕಿಕೊಂಡು ಹೋದೆ. ಡಾಕ್ಟರು ತುಟಿ ಎತ್ತಿ ತೋರಿಸಿದರು, ಒಸಡು ಸುಣ್ಣದ ಗೋಡೆ ಥರ ಇತ್ತು. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಉಣ್ಣಿ ಗೊಂಚಲು. ರಕ್ತ ಪರೀಕ್ಷೆಯಲ್ಲಿ ಎರ್ಲಿಕಿಯಾ ಅಂತ ಬಂತು, ಉಣ್ಣಿ ಕಚ್ಚಿದಾಗ ರಕ್ತಕ್ಕೆ ಸೇರುವ ರೋಗಾಣು. ಈ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ರಕ್ತ ಹೆಪ್ಪುಗಟ್ಟುವುದಿಲ್ಲ, ಬಿಟ್ಟರೆ ಮೂಳೆಯೊಳಗಿನ ಮಜ್ಜೆಯೇ ಕೈಕೊಡುತ್ತದೆ. ಶುರುವಿನಲ್ಲೇ ಹಿಡಿದರೆ ಡಾಕ್ಸಿಸೈಕ್ಲಿನ್ ಮಾತ್ರೆಗೆ ಬಗ್ಗುತ್ತದೆ. ಕರಿಯನಿಗೆ ಅದನ್ನು ಶುರು ಮಾಡಿದಾಗ ಹೊತ್ತು ಮೀರಿತ್ತು.

ಈಗ ನಿಮ್ಮ ಪ್ರಶ್ನೆ. ಮೂರರಲ್ಲಿ ಯಾವುದು ಜಾಸ್ತಿ ದಿನ ಬರುತ್ತದೆ ಅಂತ ಕೇಳುವುದೇ ತಪ್ಪು. ನಿಮ್ಮ ನಾಯಿಗಳು ದಿನಾ ನಾಲೆಗೆ ಬೀಳುತ್ತವೆ ಅಂದಮೇಲೆ ಡ್ರಾಪ್ಸು ಬಿಡಿ. ಬೆಲ್ಟೂ ಬೇಡ. ಮೈಮೇಲೆ ಇರುವ ಔಷಧಿ ದಿನವೂ ನೆನೆದರೆ ಹೇಳಿದಷ್ಟು ದಿನ ಬರುವುದಿಲ್ಲ. ಬೇಲಿ ನುಸುಳುವ ನಾಯಿಗೆ ಔಷಧಿ ಬೆಲ್ಟು ಕಳ್ಳಿಗೋ ಮುಳ್ಳುತಂತಿಗೋ ಸಿಕ್ಕಿ ಕಿತ್ತುಹೋಗುತ್ತದೆ ಕೂಡ. ಮಾತ್ರೆ ಕೊಡಿ. ಫ್ಲುರಲನರ್ ಇರುವ ಮಾತ್ರೆ ಸುಮಾರು 12 ವಾರ ಬರುತ್ತದೆ, ಅಫಾಕ್ಸೋಲನರ್ ಇರುವುದು ತಿಂಗಳಿಗೊಂದು. ಔಷಧಿ ರಕ್ತದಲ್ಲಿರುವುದರಿಂದ ನಾಲೆ ನೀರು ಅದನ್ನೇನೂ ಮಾಡುವುದಿಲ್ಲ. ಬೆಲೆ ಕೇಳಿ ಎದೆ ಝಲ್ ಅನ್ನುತ್ತದೆ, ಒಪ್ಪುತ್ತೇನೆ. ಕರಿಯನಿಗೆ ಆಸ್ಪತ್ರೆಯಲ್ಲಿ ಸುರಿದ ದುಡ್ಡಿನ ಮುಂದೆ ಅದು ಏನೂ ಅಲ್ಲ.

ಒಂದು ಎಚ್ಚರ. ಹಿಂದೆ ಯಾವತ್ತಾದರೂ ಫಿಟ್ಸ್ ಬಂದ ನಾಯಿಯಾಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಈ ಜಾತಿಯ ಮಾತ್ರೆಗಳಿಂದ ಕೆಲವು ನಾಯಿಗಳಿಗೆ ನಡುಕ, ಫಿಟ್ಸ್ ಬರಬಹುದು ಅಂತ ಅಮೆರಿಕದ ಔಷಧ ಇಲಾಖೆ 2018ರಲ್ಲೇ ಎಚ್ಚರಿಕೆ ಕೊಟ್ಟಿದೆ. ಇನ್ನೊಂದು, ಉಣ್ಣಿ ಕಚ್ಚಿ ರಕ್ತ ಹೀರಿದ ಮೇಲೇ ಮಾತ್ರೆಯಿಂದ ಸಾಯುವುದು. ಹಾಗಾಗಿ ಜ್ವರ ಬರುವ ಸಾಧ್ಯತೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಮಾತ್ರೆ ಕೊಟ್ಟರೂ ದಿನಾ ಸಂಜೆ ಕೈಯಾಡಿಸಿ. ಕಿವಿಯೊಳಗೆ, ಬೆರಳ ಸಂದಿ, ಕಂಕುಳು, ಬಾಲದ ಕೆಳಗೆ, ಕತ್ತಿನ ಬೆಲ್ಟಿನ ಅಡಿ. ಸಿಕ್ಕಿದ್ದನ್ನು ಚಿಮುಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ, ಸ್ಪಿರಿಟ್ಟಿಗೆ ಹಾಕಿ.

ನೀವು ಕೇಳದೇ ಇದ್ದದ್ದು ಒಂದಿದೆ, ನನ್ನ ಪ್ರಕಾರ ಅದೇ ದೊಡ್ಡದು. ನಾಯಿಗಳು ಮಲಗುವ ಜಾಗ. ಮೈಮೇಲೆ ಕಾಣುವ ಉಣ್ಣಿ ಸ್ವಲ್ಪ, ಉಳಿದದ್ದೆಲ್ಲ ಗೋಡೆ ಬಿರುಕಿನಲ್ಲಿ, ಗೋಣಿಚೀಲದ ಅಡಿ, ಸೂರಿನ ಸಂದಿನಲ್ಲಿ ಕೂತಿರುತ್ತದೆ. ನಾಯಿಯ ಕಂದು ಉಣ್ಣಿ ಬದುಕಿನಲ್ಲಿ ಮೂರು ಸಲ ರಕ್ತ ಕುಡಿದು, ಮೂರು ಸಲ ಕೆಳಗೆ ಉದುರುತ್ತದೆ. ಕೊನೆಗೆ ಉದುರಿದ ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ಊಟವಿಲ್ಲದೆ ತಿಂಗಳುಗಟ್ಟಲೆ ಕಾಯುತ್ತದೆ. ಅದು ಮೂರು ಸಲವೂ ಹುಡುಕುವುದು ಹೆಚ್ಚಾಗಿ ನಾಯಿಯನ್ನೇ, ಹಾಗಾಗಿ ಕುರಿಗೆ ಔಷಧಿ ಹೊಡೆಸಿದರೆ ನಾಯಿಯ ಉಣ್ಣಿ ಹೋಗುತ್ತದೆ ಅಂದುಕೊಳ್ಳಬೇಡಿ.

ಹಳೇ ಗೋಣಿಚೀಲ ಸುಟ್ಟುಹಾಕಿ. ಗೋಡೆ ಬಿರುಕು ಸಿಮೆಂಟಿನಿಂದ ಮುಚ್ಚಿ. ಪಶು ಡಾಕ್ಟರ್ ಬರೆದುಕೊಟ್ಟ ಔಷಧಿಯನ್ನು ಅವರು ಹೇಳಿದ ಅಳತೆಯಲ್ಲೇ ಕಲಸಿ ನೆಲಕ್ಕೂ ಗೋಡೆಗೂ ಹೊಡೆಯಿರಿ. ಒಣಗುವ ತನಕ ನಾಯಿ, ಕುರಿ ಎರಡನ್ನೂ ಒಳಗೆ ಬಿಡಬೇಡಿ. ಮೊಟ್ಟೆ ಮೊದಲ ಸಲಕ್ಕೆ ಸಾಯುವುದಿಲ್ಲ, ಎರಡು ಮೂರು ವಾರ ಬಿಟ್ಟು ಮತ್ತೆ ಹೊಡೆಯಲೇಬೇಕು. ಪಂಪನ್ನು ನಾಲೆಯಲ್ಲಿ ತೊಳೆಯಬೇಡಿ, ಮೀನು ಸಾಯುತ್ತವೆ. ನಿಮ್ಮದು ಇವತ್ತೊಂದು ಹೊಲ ನಾಳೆ ಇನ್ನೊಂದು ಹೊಲ ಅಂತ ಮಂದೆ ಹಾಕುವ ಕಸುಬಾದರೆ ಈ ಪಾಡು ಇಲ್ಲ, ಮಾತ್ರೆ ಮತ್ತು ಕೈ ಸಾಕು.

ನಮ್ಮ ಕಡೆ ಕೆಲವರು ಸೀಮೆಎಣ್ಣೆ ಬಳಿಯುತ್ತಾರೆ. ಇನ್ನು ಕೆಲವರು ಕಬ್ಬಿನ ಸುಳಿ ಕೊರೆಯುವ ಹುಳಕ್ಕೆ ತಂದ ಫಿಪ್ರೊನಿಲ್ ಹರಳನ್ನೇ ನೀರಿಗೆ ಕಲಸಿ ನಾಯಿಗೆ ಹಚ್ಚುತ್ತಾರೆ, ಎರಡೂ ಒಂದೇ ಔಷಧಿ ಅಲ್ವಾ ಅಂತ. ಹೆಸರು ಒಂದೇ. ಹೊಲದ್ದನ್ನು ನಾಯಿ ಚರ್ಮಕ್ಕೆ ಅಂತ ಮಾಡಿಲ್ಲ, ನಾಯಿ ಅದನ್ನು ನೆಕ್ಕಿದರೆ ಅಷ್ಟೇ. ದಯವಿಟ್ಟು ಬೇಡ.

ಜ್ವರ ಅಂತ ಗೊತ್ತಾದರೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ ಬರೆಯುತ್ತಾರೆ. ವಾರದಲ್ಲೇ ನಾಯಿ ಎದ್ದು ಓಡಾಡುತ್ತದೆ, ಅಲ್ಲಿಗೇ ನಿಲ್ಲಿಸಬೇಡಿ. ಉಣ್ಣಿ ಮಾತ್ರೆಯನ್ನು ತೂಕ ನೋಡಿಯೇ ತನ್ನಿ, ಊಟದ ಜೊತೆ ಕೊಡಿ. ದುಡ್ಡು ಉಳಿಯುತ್ತದೆ ಅಂತ ದೊಡ್ಡ ನಾಯಿಯ ಮಾತ್ರೆ ಒಂದನ್ನು ಮುರಿದು ಎರಡಕ್ಕೂ ಹಂಚಬೇಡಿ, ಒಂದಕ್ಕೆ ಜಾಸ್ತಿ ಹೋಗಿ ಇನ್ನೊಂದಕ್ಕೆ ಸಾಲದೆ ಬರಬಹುದು.