ಗಜನಿ ಗದ್ದೆಗೆ ಹೊಸ ತಳಿಯೋ, ಕಗ್ಗವೋ?

ಪ್ರಶ್ನೆ: ಮಾನ್ಯರೇ, ಅಘನಾಶಿನಿ ಹಿನ್ನೀರಿಗೆ ತಾಗಿದ ನಮ್ಮ ಗಜನಿಯಲ್ಲಿ (ಉಪ್ಪುನೀರು ಏರಿಬರುವ ತಗ್ಗು ಗದ್ದೆಯಲ್ಲಿ) ಕಳೆದ ಮಳೆಗಾಲ ಅಂಗಡಿಯಿಂದ ತಂದ ಸುಧಾರಿತ ಭತ್ತ ಬಿತ್ತಿದ್ದೆವು. ಒಡ್ಡು ಒಡೆದು ಉಪ್ಪುನೀರು ನುಗ್ಗಿದ್ದೇ ತಡ, ಎಳೆ ಸಸಿಗಳು ತುದಿಯಿಂದ ಸುಟ್ಟಂತಾಗಿ ಸತ್ತವು. ಪಕ್ಕದವರ ಕಗ್ಗ, ಅಂದರೆ ಉಪ್ಪು ತಾಳುವ ನಮ್ಮ ನಾಟಿ ಭತ್ತ, ಉಳಿಯಿತು. ಕಗ್ಗಕ್ಕೆ ಇಳುವರಿ ಕಡಿಮೆ, ಪೈರು ಎತ್ತರವಾಗಿ ಮಲಗುತ್ತದೆ. ಉಪ್ಪನ್ನೂ ತಾಳಿ ಇಳುವರಿಯನ್ನೂ ಕೊಡುವ ತಳಿ ಇಲ್ಲವೇ? ಜಿಪ್ಸಮ್ ಹಾಕಿದರೆ ಉಪ್ಪು ಹೋಗುತ್ತದೆಯೇ?
– ಓದುಗರು, ಕುಮಟಾ ತಾಲ್ಲೂಕು

ಉತ್ತರ: ಭತ್ತವು ಮೊಳೆಯುವಾಗಲೂ ತೆಂಡೆಯೊಡೆಯುವಾಗಲೂ ಉಪ್ಪನ್ನು ಒಂದಿಷ್ಟು ಸಹಿಸುತ್ತದೆ. ಆದರೆ ಎರಡು ಮೂರು ಎಲೆಯ ಸಸಿಯಾಗಿದ್ದಾಗ ಮತ್ತು ಹೂಬಿಡುವಾಗ ಅದು ತೀರ ನಾಜೂಕು. ನಿಮ್ಮ ಗದ್ದೆಗೆ ಉಪ್ಪು ಬಂದದ್ದು ಸರಿಯಾಗಿ ಆ ಮೊದಲ ಹೊತ್ತಿನಲ್ಲಿ.

ಸಂಶೋಧನೆ ನಡೆದಿಲ್ಲವೆಂದಲ್ಲ. ಕೇರಳದ ಪೊಕ್ಕಾಲಿ ಭತ್ತದ ಒಂದನೆಯ ವರ್ಣತಂತುವಿನಲ್ಲಿ ವಿಜ್ಞಾನಿಗಳು ಗುರುತಿಸಿದ ‘ಸಾಲ್ಟಾಲ್’ ಎಂಬ ಭಾಗವು ಎಲೆಗಳಿಗೆ ಸೋಡಿಯಂ ಹೆಚ್ಚು ಏರದಂತೆ ತಡೆಯುವುದರಿಂದ, ಅದನ್ನು ಅಧಿಕ ಇಳುವರಿಯ ತಳಿಗಳಿಗೆ ಸೇರಿಸುವ ಕೆಲಸ ಸಾಗಿದೆ; ಆದರೆ ಅದು ನೆರವಾಗುವುದು ಮುಖ್ಯವಾಗಿ ಸಸಿಯ ಹಂತದಲ್ಲಿ. 2009ರಲ್ಲಿ ಬಿಡುಗಡೆಯಾದ ಸ್ವರ್ಣ-ಸಬ್1 ತಳಿಯು ಸುಮಾರು ಎರಡು ವಾರ ನೀರಿನಲ್ಲಿ ಮುಳುಗಿದರೂ ಚೇತರಿಸಿಕೊಳ್ಳುತ್ತದೆ, ಆದರೆ ಅದನ್ನು ಉಪ್ಪಿಗಾಗಿ ಬೆಳೆಸಿದ್ದಲ್ಲ. ಗಜನಿಯಲ್ಲಿ ಉಪ್ಪು ಮತ್ತು ಮುಳುಗಡೆ ಎರಡೂ ಒಟ್ಟಿಗೇ ಬರುತ್ತವೆ. ಈ ಎರಡನ್ನೂ ತಲೆತಲಾಂತರದಿಂದ ಕಂಡುಂಡ ಕಗ್ಗವನ್ನು ಬಿಟ್ಟುಬಿಡಿ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಅದರ ಎತ್ತರವೂ ಬರಿಯ ದೋಷವಲ್ಲ, ನೆರೆಯ ನೀರಿನ ಮೇಲೆ ತಲೆಯೆತ್ತಿ ನಿಲ್ಲುವುದು ಅದರಿಂದಲೇ. ಸುಧಾರಿತ ತಳಿಯನ್ನು ಉಪ್ಪು ಏರದ ಮೇಲಿನ ಗದ್ದೆಯಲ್ಲಿ ಹಾಕಿ.

ಇಳುವರಿಯ ಲೆಕ್ಕ ಹಾಕುವಾಗ ಭತ್ತದ ಚೀಲಗಳನ್ನಷ್ಟೇ ಎಣಿಸಬೇಡಿ. ತೆನೆಯನ್ನು ಮಾತ್ರ ಕೊಯ್ದು ಬಿಟ್ಟ ಹುಲ್ಲು ನೀರಿನಲ್ಲಿ ಕೊಳೆತು ಶೆಟ್ಲಿಗೆ (ಸಿಗಡಿಗೆ), ಮೀನಿಗೆ ಆಹಾರವಾಗುತ್ತದೆ. ಗೊಬ್ಬರ, ಔಷಧಿಯ ಖರ್ಚೂ ಉಳಿಯುತ್ತದೆ. ಇಳುವರಿಗೆಂದು ಯೂರಿಯಾ ಹಾಕಿದರೆ ಪೈರು ಇನ್ನಷ್ಟು ಮಲಗುತ್ತದೆ.

ಜಿಪ್ಸಮ್‌ಗೆ ಹಣ ಹಾಕಬೇಡಿ. ಅದು ಕ್ಷಾರ ಮಣ್ಣಿನ ಮದ್ದು. ಸಮುದ್ರದ ಉಪ್ಪನ್ನು ತೊಳೆಯುವುದು ಮಳೆನೀರು. ಜೂನ್ ಮಳೆ ಗದ್ದೆಯಲ್ಲಿ ನಿಂತ ಮೇಲೆ ಇಳಿತದ ಹೊತ್ತಿಗೆ ಜಂತ್ರಡಿ (ಒಡ್ಡಿನ ತೂಬಿನ ಬಾಗಿಲು) ತೆರೆದು ನೀರು ಬಿಡಿ, ಭರತಕ್ಕೆ ಮುಂಚೆ ಮುಚ್ಚಿ. ಹೀಗೆ ನಾಲ್ಕಾರು ಸಲ ಮಾಡಿದ ಮೇಲೆ ಮೊಳಕೆ ಬಂದ ಬೀಜ ಬಿತ್ತಿ. ಅದಕ್ಕೆ ಮೊದಲು ಉಪ್ಪು ಎಷ್ಟಿದೆಯೆಂದು ತಿಳಿಸುವ ಮಣ್ಣಿನ ವಿದ್ಯುದ್ವಾಹಕತೆಯನ್ನು ಪರೀಕ್ಷಿಸಿಕೊಳ್ಳಿ. ಪುಸ್ತಕಗಳು ಭತ್ತಕ್ಕೆ ಹೇಳುವ ಮೀಟರಿಗೆ 3 ಡೆಸಿಸೀಮೆನ್ಸ್ ಮಿತಿಯು ಪೂರ್ತಿ ತೊಯ್ದ ಮಣ್ಣಿನಿಂದ ಸೋಸಿ ತೆಗೆದ ನೀರಿಗೆ ಸಂಬಂಧಿಸಿದ್ದು. ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆದರೆ ಅಂಕಿ ಚಿಕ್ಕದಾಗಿ ಬಂದು ಮೋಸಹೋಗುವ ಸಂಭವವುಂಟು. ಯಾವ ಕ್ರಮದಲ್ಲಿ ಅಳೆದರೆಂದು ಕೇಳಿಯೇ ವರದಿ ಪಡೆಯಿರಿ.

ಪ್ರಶ್ನೆ: ಮನೆಯ ಕಗ್ಗದ ಬೀಜವನ್ನು ನೆರೆಯವರಿಗೆ ಮಾರುವುದು ಅಪರಾಧವೇ?
– ಓದುಗರು, ಅಂಕೋಲಾ

ಉತ್ತರ: ಅಲ್ಲ. ಬೀಜವನ್ನು ಉಳಿಸಿಕೊಳ್ಳಲು, ಬಿತ್ತಲು, ವಿನಿಮಯ ಮಾಡಲು ಮತ್ತು ಮಾರಲು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯು ರೈತನಿಗೆ ಹಕ್ಕು ನೀಡಿದೆ. ಸಂರಕ್ಷಿತ ತಳಿಯ ಬೀಜವನ್ನು ಹೆಸರು ಹಚ್ಚಿದ ಪೊಟ್ಟಣದಲ್ಲಿ ಮಾರುವಂತಿಲ್ಲ, ಅಷ್ಟೆ. ಕೊಡುವ ಮುನ್ನ ನೂರು ಕಾಳುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ಎಣಿಸಿ, ಆ ಲೆಕ್ಕವನ್ನು ಕೊಳ್ಳುವವರಿಗೆ ಹೇಳಿಯೇ ಕೊಡಿ.