ಓದುಗರು ಕೇಳಿದ್ದು, ವರ್ಕ್‌ಶಾಪಿನವರು ಹೇಳಿದ್ದು: ಪಿಲ್ಲರ್ ಡ್ರಿಲ್ ತಂದವರಿಗೆ

ಕಳೆದ ತಿಂಗಳು ಕೈ ಡ್ರಿಲ್ಲಿನ ಬಗ್ಗೆ ನಾಲ್ಕು ಸಾಲು ಬರೆದದ್ದೇ ತಪ್ಪಾಯಿತೋ ಎಂತದೋ, ಈ ಸಲ ಬಂದ ಪ್ರಶ್ನೆಗಳೆಲ್ಲ ಅದರ ದೊಡ್ಡಣ್ಣನ ಬಗ್ಗೆಯೇ. ನೆಲದ ಮೇಲೆ ಆಳೆತ್ತರ ನಿಲ್ಲುವ ಪಿಲ್ಲರ್ ಡ್ರಿಲ್. ನಮ್ಮ ಕುಂಬಳೆ, ಬದಿಯಡ್ಕ ಕಡೆ ಗೇಟು, ಗ್ರಿಲ್ಲು, ಶೀಟಿನ ಮಾಡು ಅಂತ ಕೆಲಸ ಮಾಡುವವರು ಈಗ ಹಳೇ ಮೆಷಿನ್ ಕೊಂಡು ಮನೆ ಪಕ್ಕದ ಶೆಡ್ಡಿನಲ್ಲೇ ನಿಲ್ಲಿಸುತ್ತಾರೆ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಹಾಗಾಗಿ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಮಂಗಳೂರಿನಿಂದ ಒಂದು ಹಳೇ 25 ಎಂ.ಎಂ. ಪಿಲ್ಲರ್ ಡ್ರಿಲ್ ತಂದೆ. ಶೆಡ್ಡಿನ ನೆಲ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲು) ಮೇಲೆ ಸಿಮೆಂಟು ಸಾರಿಸಿದ್ದು. ಸುಮ್ನೆ ಇಟ್ಟರೆ ಸಾಕಾ, ಬೋಲ್ಟ್ ಹಾಕಲೇಬೇಕಾ? ಅಷ್ಟು ಭಾರದ್ದು ಎಲ್ಲಿಗೆ ಬೀಳುತ್ತದೆ ಅಂತ ಅಪ್ಪ ಕೇಳುತ್ತಾರೆ.
(ಬದಿಯಡ್ಕದ ಹತ್ತಿರದಿಂದ)

ಉತ್ತರ: ಭಾರ ಇರುವುದು ನಿಜ. ಆದ್ರೆ ಆ ಭಾರ ಎಲ್ಲಿ ಉಂಟು ಅಂತ ಅಪ್ಪನಿಗೆ ಒಮ್ಮೆ ತೋರಿಸಿ. ಮೋಟರು, ಪುಲ್ಲಿ, ಸ್ಪಿಂಡಲ್ (ಕೊರೆಯುವ ಬಿಟ್ಟನ್ನು ತಿರುಗಿಸುವ ದಂಡ) ಎಲ್ಲ ತಲೆಯಲ್ಲಿ. ಕೆಳಗೆ ಇರುವುದು ಒಂದು ಬೀಡಿನ (ಎರಕದ ಕಬ್ಬಿಣದ) ಬೇಸು ಮಾತ್ರ, ಅದರ ಅಗಲವೂ ಹೆಚ್ಚಿಲ್ಲ. ತೆಂಗಿನಕಾಯಿ ಗೋಣಿ ತಲೆಯ ಮೇಲೆ ಹೊತ್ತು ಒಂಟಿ ಕಾಲಲ್ಲಿ ನಿಂತ ಹಾಗೆ. ಖಾಲಿ ನಿಂತಾಗ ಬೀಳುವುದಿಲ್ಲ, ಒಪ್ಪಿದೆ. ಆದರೆ ಇಪ್ಪತ್ತಡಿ ಉದ್ದದ ಕಬ್ಬಿಣದ ಆಂಗಲ್ ಪಟ್ಟಿ ಒಂದನ್ನು ಟೇಬಲ್ ಮೇಲೆ ಇಟ್ಟು, ಅದರ ಒಂದು ತುದಿ ಹತ್ತಡಿ ಆಚೆ ನೇತಾಡುವಾಗ ಯಾರಾದರೂ ಬಂದು ತಾಗಿದರೆ ಎಂತ ಆಗುತ್ತದೆ ಅಂತ ಯೋಚನೆ ಮಾಡಿ. ಬೋಲ್ಟ್ ಹಾಕಲೇಬೇಕು.

ಎಲ್ಲಿಗೆ ಹಾಕುವುದು ಅನ್ನುವುದೇ ನಿಮ್ಮಲ್ಲಿ ಪ್ರಶ್ನೆ. ಒಂದಿಂಚು ಸಿಮೆಂಟು, ಅದರ ಕೆಳಗೆ ಮುರಕಲ್ಲು ಇದ್ದರೆ ಆಂಕರ್ ಬೋಲ್ಟ್ ಹಿಡಿಯುವುದಿಲ್ಲ. ತಿರುಗಿಸುತ್ತಾ ಹೋದ ಹಾಗೆ ಕಲ್ಲು ಒಳಗೇ ಪುಡಿ ಆಗುತ್ತದೆ, ಮೇಲಿನಿಂದ ನೋಡಿದರೆ ಬಿಗಿಯಾದ ಹಾಗೇ ಕಾಣುತ್ತದೆ. ಅದು ಇನ್ನೂ ಅಪಾಯ. ಮೆಷಿನ್ ನಿಲ್ಲುವ ಜಾಗದಲ್ಲಿ ಬೇಸಿಗಿಂತ ಸುತ್ತಲೂ ಆರಿಂಚು ಜಾಸ್ತಿ ಬರುವಷ್ಟು ನೆಲ ಅಗೆದು, ಆರಿಂಚು ದಪ್ಪಕ್ಕೆ 1:2:4ರ (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟು ಹಾಕಿಸಿ. ಒಂದು ವಾರ ನೀರು ಹಾಯಿಸಿ. ಆಮೇಲೂ ಅವಸರ ಬೇಡ, ಕಾಂಕ್ರೀಟು ಪೂರ್ತಿ ಗಟ್ಟಿಯಾಗಲು 28 ದಿನ ಬೇಕು. ಬೇಸಿನಲ್ಲಿರುವ ನಾಲ್ಕು ತೂತಿಗೆ ಸರಿಯಾಗಿ 12 ಎಂ.ಎಂ. ಬೋಲ್ಟ್ ಹಾಕಿ. ಬೋಲ್ಟ್ ಬಿಗಿ ಮಾಡುವ ಮೊದಲು ಬೇಸು ನಾಲ್ಕು ಮೂಲೆಯಲ್ಲೂ ಕೂತಿದೆಯಾ ನೋಡಿ. ಒಂದು ಮೂಲೆ ಎದ್ದಿದ್ದರೆ ಅಲ್ಲಿ ತೆಳು ತಗಡು ಕೊಡಿ. ಕೊಡದೆ ಸುಮ್ನೆ ಎಳೆದು ಬಿಗಿದರೆ ಬೀಡು ಬಿರುಕು ಬಿಡುತ್ತದೆ. ಬೀಡು ಬಗ್ಗುವ ಜಾತಿಯದ್ದಲ್ಲ.

ರಸಮಟ್ಟ ಇಟ್ಟು ಕೂದಲೆಳೆಯಷ್ಟೂ ವ್ಯತ್ಯಾಸ ಬಾರದ ಹಾಗೆ ಕೂರಿಸಬೇಕು ಅಂತ ಕೆಲವರು ಅರ್ಧ ದಿನ ಕಳೆಯುತ್ತಾರೆ. ನನ್ನ ಪ್ರಕಾರ ಅಷ್ಟು ಬೇಡ. ಸುಮಾರಾಗಿ ಮಟ್ಟ ಇದ್ದರೆ ಸಾಕು. ಟೇಬಲ್ಲಿಗೆ ಸ್ಪಿಂಡಲ್ ನೇರ ಲಂಬವಾಗಿ ಇರುವುದೇ ಮುಖ್ಯ, ಅದನ್ನು ಕೆಳಗೆ ಹೇಳಿದ್ದೇನೆ.

ಜಾಗ ಆರಿಸುವಾಗ ಎಡಕ್ಕೂ ಬಲಕ್ಕೂ ಉದ್ದದ ಸರಳು ಹಿಡಿಸುವಷ್ಟು ಖಾಲಿ ಬಿಡಿ. ಬಾಗಿಲಿನ ನೇರಕ್ಕೆ ಇಡುವುದು ಒಂದು ಉಪಾಯ, ಆದರೆ ಆಗ ಬಾಗಿಲಲ್ಲಿ ಬಂದು ಹೋಗುವವರ ಕಾಲಿಗೆ ಸಿಗುತ್ತದೆ. ಇನ್ನು ಪಿಕಪ್ಪಿನಿಂದ ಇಳಿಸುವಾಗ: ಟೇಬಲ್ ಪೂರ್ತಿ ಕೆಳಗೆ ತಂದು ಲಾಕ್ ಮಾಡಿ, ಆಗದಿದ್ದರೆ ಮೋಟರು ಬಿಚ್ಚಿ ಬೇರೆಯಾಗಿ ಇಳಿಸಿ. ಹಗ್ಗ ಕಟ್ಟುವುದು ಕಂಬಕ್ಕೆ, ಹ್ಯಾಂಡಲ್ಲಿಗೆ ಅಲ್ಲ. ನೆಲದಲ್ಲಿ ನಾಲ್ಕು ಜಿ.ಐ. ಪೈಪಿನ ತುಂಡು ಹಾಕಿ ಉರುಳಿಸಿದರೆ ನಾಲ್ಕು ಜನಕ್ಕೆ ಆರಾಮ.

ಪ್ರಶ್ನೆ: ಹಳೇ ಮೆಷಿನಿನ ಮೋಟರು ತ್ರೀ ಫೇಸ್. ಮನೆಯಲ್ಲಿ ಸಿಂಗಲ್ ಫೇಸ್. ಎಂತ ಮಾಡುವುದು?
(ಮುಳ್ಳೇರಿಯ)

ಉತ್ತರ: ಎರಡು ದಾರಿ. ಕೆ.ಎಸ್.ಇ.ಬಿ.ಗೆ (ಕೇರಳದ ವಿದ್ಯುತ್ ಮಂಡಳಿ) ಅರ್ಜಿ ಕೊಟ್ಟು ತ್ರೀ ಫೇಸ್ ಮಾಡಿಸುವುದು, ಇಲ್ಲದಿದ್ದರೆ ಮೋಟರು ಬದಲಿಸುವುದು. ವೆಲ್ಡಿಂಗ್ ಮೆಷಿನೂ ಮುಂದೆ ತರುವ ಆಲೋಚನೆ ಇದ್ದರೆ ಮೊದಲನೆಯದು ಒಳ್ಳೆಯದು. ಬರೀ ಡ್ರಿಲ್ಲಿಗಾಗಿ ಆದರೆ ಒಂದು ಹೆಚ್.ಪಿ.ಯ ಸಿಂಗಲ್ ಫೇಸ್ ಮೋಟರು ಹಾಕಿಬಿಡಿ. ಹಳೇದರ ಪ್ಲೇಟಿನಲ್ಲಿ 1440 ಆರ್.ಪಿ.ಎಂ. ಅಂತ ಇದ್ದರೆ ಹೊಸದೂ ಅಷ್ಟೇ ಇರಬೇಕು. 2880ರದ್ದು ಹಾಕಿದರೆ ಎಲ್ಲಾ ಸ್ಪೀಡೂ ಎರಡು ಪಟ್ಟು ಆಗಿ ಬಿಟ್ಟುಗಳು ಸುಟ್ಟು ಹೋಗುತ್ತವೆ. ಶಾಫ್ಟಿನ ದಪ್ಪವನ್ನೂ ಅಳೆದುಕೊಂಡು ಹೋಗಿ, ಹಳೇ ಪುಲ್ಲಿ ಅದಕ್ಕೇ ಕೂರಬೇಕಲ್ವಾ.

16 ಆಂಪಿಯರ್ ಪ್ಲಗ್, 2.5 ಸ್ಕ್ವೇರ್ ಎಂ.ಎಂ. ತಾಮ್ರದ ವಯರು, ಸರಿಯಾದ ಅರ್ತ್. ಮದುವೆ ಚಪ್ಪರದ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಎಳೆಯಬೇಡಿ ಮಾರಾಯ್ರೆ.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟು ಹೋಗಿತ್ತು. ಸ್ವಿಚ್ ಆಫ್ ಮಾಡಲು ಮರೆತು, ಡ್ರಿಲ್ಲಿನ ಬಿಟ್ಟನ್ನು ಬದಲಿಸುತ್ತಿದ್ದೆ. ಕರೆಂಟು ಬಂದು ಮೆಷಿನ್ ತಿರುಗಿಯೇಬಿಟ್ಟಿತು. ಕೈ ಉಳಿದದ್ದು ಪುಣ್ಯ. ಇದಕ್ಕೆ ಪರಿಹಾರ ಉಂಟಾ?
(ಪೈವಳಿಕೆ)

ಉತ್ತರ: ಉಂಟು, ಮತ್ತೆ ಅದು ನಿಮ್ಮ ತೋಟದ ಪಂಪಿನ ಶೆಡ್ಡಿನಲ್ಲೇ ಉಂಟು. ಹಸಿರು ಗುಂಡಿ, ಕೆಂಪು ಗುಂಡಿ ಇರುವ ಸ್ಟಾರ್ಟರ್. ಅದರೊಳಗೆ ಒಂದು ಕಾಯಿಲ್ ಇರುತ್ತದೆ. ಕರೆಂಟು ಇರುವಷ್ಟು ಹೊತ್ತು ಮಾತ್ರ ಅದು ಸಂಪರ್ಕ ಹಿಡಿದಿಟ್ಟುಕೊಳ್ಳುತ್ತದೆ. ಕರೆಂಟು ಹೋದ ಕೂಡಲೇ ಬಿಟ್ಟುಬಿಡುತ್ತದೆ, ವಾಪಸು ಬಂದರೂ ನೀವು ಹಸಿರು ಒತ್ತದೆ ಹಿಡಿಯುವುದಿಲ್ಲ. ಅಡಿಕೆ ತೋಟದವರು ಆಟೋ ಸ್ವಿಚ್ ಅಂತ ಒಂದನ್ನು ಸೇರಿಸಿ ಕರೆಂಟು ಬಂದ ಕೂಡಲೇ ಪಂಪು ತಾನಾಗಿ ಶುರುವಾಗುವ ಹಾಗೆ ಮಾಡಿಕೊಳ್ಳುತ್ತಾರೆ. ಡ್ರಿಲ್ಲಿಗೆ ಅದನ್ನು ಯಾವ ಕಾರಣಕ್ಕೂ ಹಾಕಬಾರದು.

ಹಾಗಂತ ಪಂಪಿನ ಹಳೇ ಸ್ಟಾರ್ಟರನ್ನೇ ಕಿತ್ತು ತಂದು ಹಾಕಿದರೆ ಆಗುವುದಿಲ್ಲ. ಅದರ ಓವರ್‌ಲೋಡ್ ರಿಲೇ (ಮೋಟರು ಜಾಸ್ತಿ ಕರೆಂಟು ಎಳೆದರೆ ಆಫ್ ಮಾಡುವ ಭಾಗ) ದೊಡ್ಡ ಮೋಟರಿಗೆ ಇಟ್ಟದ್ದು. ನಿಮ್ಮ ಒಂದು ಹೆಚ್.ಪಿ. ಮೋಟರು ಸುಟ್ಟು ಹೊಗೆ ಬಂದರೂ ಅದಕ್ಕೆ ಗೊತ್ತಾಗುವುದಿಲ್ಲ. ಮೋಟರಿನ ಪ್ಲೇಟಿನಲ್ಲಿರುವ ಆಂಪಿಯರ್ ನೋಡಿ ಅದಕ್ಕೆ ತಕ್ಕದ್ದು ತನ್ನಿ. ಕೆಂಪು ಗುಂಡಿ ನಿಂತಲ್ಲಿಂದಲೇ ಎಡಗೈಗೆ ಸಿಗುವ ಹಾಗೆ ಇರಲಿ. ಮತ್ತೆ, ಬಿಟ್ಟು ಬದಲಿಸುವಾಗ, ಬೆಲ್ಟು ಮುಟ್ಟುವಾಗ ಪ್ಲಗ್ಗನ್ನೇ ಎಳೆದಿಡಿ. ಸ್ಟಾರ್ಟರ್ ಇದ್ದರೂ.

ಪ್ರಶ್ನೆ: ತೂತಿನ ಜಾಗಕ್ಕೆ ಪಂಚಿನಲ್ಲಿ ಗುರುತು ಹೊಡೆದೇ ಕೊರೆಯುತ್ತೇನೆ, ಆದರೂ ದಪ್ಪ ತುಂಡಿನಲ್ಲಿ ತೂತು ಓರೆಯಾಗಿ ಆಚೆ ಬರುತ್ತದೆ. ಬಿಟ್ಟು ಸರಿ ಇಲ್ಲವಾ?
(ಪೆರ್ಲ)

ಉತ್ತರ: ಬಿಟ್ಟಿನ ಎರಡು ತುಟಿ (ತುದಿಯ ಕೊರೆಯುವ ಅಂಚು) ಸಮ ಇಲ್ಲದಿದ್ದರೆ ತೂತು ದೊಡ್ಡದಾಗುತ್ತದೆ. ಓರೆ ಹೋಗುವುದಾದರೆ ಹೆಚ್ಚಾಗಿ ಟೇಬಲ್ಲಿನ ತಪ್ಪು. ಪರೀಕ್ಷೆಗೆ ದುಡ್ಡು ಬೇಡ, ಒಂದು ಹಳೇ ಸೈಕಲ್ ಕಡ್ಡಿ ಸಾಕು.

ಕಡ್ಡಿಯನ್ನು ಎರಡು ಕಡೆ ಮಡಚಿ, ಇಂಗ್ಲಿಷಿನ Z ಅಕ್ಷರದ ಹಾಗೆ. ಒಂದು ತುದಿ ಚಕ್ಕಿಗೆ (ಬಿಟ್ಟನ್ನು ಹಿಡಿಯುವ ಭಾಗ) ಹೋಗಲಿ, ಇನ್ನೊಂದು ತುದಿ ನಾಲ್ಕೈದು ಇಂಚು ಹೊರಗೆ ಹೋಗಿ ಟೇಬಲ್ ಕಡೆಗೆ ಇಳಿಯಲಿ. ಪ್ಲಗ್ ಎಳೆದಿಟ್ಟು, ಟೇಬಲ್ಲನ್ನು ಮೆಲ್ಲ ಮೇಲೆ ತಂದು, ಕಡ್ಡಿಯ ತುದಿಗೂ ಟೇಬಲ್ಲಿಗೂ ನಡುವೆ ಒಂದು ಕಾಗದದ ಚೂರು ಸಣ್ಣಗೆ ಹಿಡಿದು ಬಿಡುವಷ್ಟು ಜಾಗ ಇಡಿ. ಲಾಕ್ ಬಿಗಿ ಮಾಡಿ. ಈಗ ಚಕ್ಕನ್ನು ಕೈಯಲ್ಲಿ ನಿಧಾನ ತಿರುಗಿಸಿ. ಎಡ, ಹಿಂದೆ, ಬಲ, ಮುಂದೆ, ನಾಲ್ಕೂ ಕಡೆ ಕಾಗದ ಒಂದೇ ತರ ಹಿಡಿದರೆ ಟೇಬಲ್ ಸರಿ. ಒಂದು ಕಡೆ ಕಡ್ಡಿ ಕೆರೆಯುತ್ತದೆ, ಎದುರು ಕಡೆ ಕಾಗದ ಸಡಿಲ ಜಾರುತ್ತದೆ ಅಂತಾದರೆ ಅಲ್ಲಿ ವಾಲಿದೆ. ಎಡ-ಬಲದ್ದು ಸುಲಭ, ಟೇಬಲ್ಲಿನ ಕೆಳಗಿನ ದೊಡ್ಡ ಬೋಲ್ಟ್ ಸಡಿಲಿಸಿ ಸರಿಮಾಡಬಹುದು. ಮುಂದೆ-ಹಿಂದೆ ಆದರೆ ಟೇಬಲ್ ಬಿಚ್ಚಿ ತಗಡಿನ ಚೂರು ಕೊಡಬೇಕಾಗುತ್ತದೆ, ಅದು ಒಂದು ಭಾನುವಾರದ ಕೆಲಸ.

ಇನ್ನೊಂದು. ಗುಂಡು ಕಂಬದ ಮೆಷಿನಿನಲ್ಲಿ ಟೇಬಲ್ ಮೇಲೆ ಕೆಳಗೆ ಮಾಡಿದರೆ ಅದು ಪಕ್ಕಕ್ಕೂ ತಿರುಗುತ್ತದೆ. ಸಣ್ಣ ಬಿಟ್ಟಿನಲ್ಲಿ ಪೈಲಟ್ ತೂತು ಹೊಡೆದು, ದೊಡ್ಡ ಬಿಟ್ಟಿಗೆ ಜಾಗ ಮಾಡಲು ಟೇಬಲ್ ಇಳಿಸಿದಿರೋ, ಸೆಂಟರ್ ಹೋಯಿತು. ಮೊದಲೇ ದೊಡ್ಡ ಬಿಟ್ಟಿನ ಉದ್ದ ನೋಡಿ ಟೇಬಲ್ ನಿಲ್ಲಿಸಿ.

ಪ್ರಶ್ನೆ: ಬಿಟ್ಟು ನೀಲಿ ಬಣ್ಣ ಬಂದು ಮೊಂಡಾಗುತ್ತದೆ. ಯಾವ ಸ್ಪೀಡಿನಲ್ಲಿ ಇಡಬೇಕು?
(ಉಪ್ಪಳ)

ಉತ್ತರ: ಹೆಚ್ಚಿನವರು ತಂದಾಗ ಬೆಲ್ಟು ಎಲ್ಲಿತ್ತೋ ಅಲ್ಲೇ ಬಿಟ್ಟು ಆರು ವರ್ಷ ಕೆಲಸ ಮಾಡುತ್ತಾರೆ. ಪುಲ್ಲಿಯ ಮೆಟ್ಟಿಲುಗಳಲ್ಲಿ ಬೆಲ್ಟು ಸರಿಸಿಯೇ ಸ್ಪೀಡು ಬದಲಿಸುವುದು. ನನ್ನ ಲೆಕ್ಕ ಸುಲಭದ್ದು: ಸಾದಾ ಕಬ್ಬಿಣಕ್ಕೆ 8000ವನ್ನು ಬಿಟ್ಟಿನ ಎಂ.ಎಂ.ನಿಂದ ಭಾಗಿಸಿ. 10 ಎಂ.ಎಂ. ಆದರೆ 800 ಸುತ್ತು, 20 ಆದರೆ 400, 6 ಆದರೆ ಹೆಚ್ಚುಕಡಿಮೆ 1300. ಹೆಚ್.ಎಸ್.ಎಸ್. (ಹೈ ಸ್ಪೀಡ್ ಸ್ಟೀಲ್) ಬಿಟ್ಟಿನ ಅಂಚು ನಿಮಿಷಕ್ಕೆ 25 ಮೀಟರ್ ಓಡಬೇಕು ಅನ್ನುವ ಲೆಕ್ಕದಿಂದ ಬಂದದ್ದು ಇದು. ಸ್ಟೇನ್‌ಲೆಸ್ಸಿಗೆ ಇದರ ಅರ್ಧ ಅಥವಾ ಅದಕ್ಕೂ ಕಡಿಮೆ, ಅಲ್ಯೂಮಿನಿಯಮ್ಮಿಗೆ ಎರಡು ಪಟ್ಟು. ಪುಲ್ಲಿಯಲ್ಲಿ ಸರಿಯಾಗಿ ಆ ಸಂಖ್ಯೆ ಸಿಗದಿದ್ದರೆ ಕೆಳಗಿನದ್ದನ್ನೇ ಇಡಿ.

ಸ್ಟೇನ್‌ಲೆಸ್ಸಿನಲ್ಲಿ ಹೆದರಿ ಹೆದರಿ ಮೆಲ್ಲ ಒತ್ತುವುದೂ ತಪ್ಪು. ಬಿಟ್ಟು ಕೊರೆಯದೆ ಸುಮ್ನೆ ಉಜ್ಜುತ್ತಾ ಕೂತರೆ ಆ ಜಾಗ ಗಟ್ಟಿಯಾಗಿ, ಮತ್ತೆ ಎಂತ ಮಾಡಿದರೂ ಹೋಗುವುದಿಲ್ಲ. ಕಡಿಮೆ ಸ್ಪೀಡು, ಗಟ್ಟಿ ಒತ್ತು, ಎಣ್ಣೆ. ಕಬ್ಬಿಣಕ್ಕೆ ಕಟಿಂಗ್ ಆಯಿಲ್, ಅಲ್ಯೂಮಿನಿಯಮ್ಮಿಗೆ ಸೀಮೆಎಣ್ಣೆ, ಬೀಡಿಗೆ ಎಂತದೂ ಬೇಡ. ಮನೆಯ ತೆಂಗಿನೆಣ್ಣೆಯನ್ನೂ ಹಾಕಿ ನೋಡಿದ್ದೇನೆ. ಕೆಲಸ ಆಗುತ್ತದೆ, ಮರುದಿನ ಟೇಬಲ್ ತುಂಬಾ ಇರುವೆ.

ಪ್ರಶ್ನೆ: ಮಗ ಹತ್ತನೇ ಆದ ಮೇಲೆ ಐ.ಟಿ.ಐ.ಗೆ ಸೇರಿದ್ದಾನೆ. ರಜೆಯಲ್ಲಿ ನನ್ನ ಜೊತೆ ಡ್ರಿಲ್ಲಿನಲ್ಲಿ ನಿಲ್ಲುತ್ತಾನೆ. ಕೈಗೆ ಗ್ಲೌಸ್ ಹಾಕು ಅಂದರೆ ಹಾಕಬಾರದು ಅಂತ ವಾದ. ಯಾರದ್ದು ಸರಿ?
(ನೀರ್ಚಾಲು)

ಉತ್ತರ: ಮಗನದ್ದು. ಬೇಜಾರು ಮಾಡಬೇಡಿ.

ಚೂಪು ಅಂಚಿನ ತಗಡು ಎತ್ತಿ ತರುವಾಗ ಗ್ಲೌಸ್ ಬೇಕು. ಸ್ಪಿಂಡಲ್ ತಿರುಗುವ ಮೊದಲು ಅದನ್ನು ತೆಗೆದಿಡಬೇಕು. 800 ಸುತ್ತು ಅಂದರೆ ಸೆಕೆಂಡಿಗೆ 13 ಸುತ್ತು. ಬಟ್ಟೆಯ ಒಂದು ನೂಲು ಸಿಕ್ಕಿದರೆ ಬೆರಳು, ಕೈ, ಎಲ್ಲ ಅದರ ಹಿಂದೆ ಹೋಗುತ್ತದೆ, ನೀವು ಕೈ ಎಳೆದುಕೊಳ್ಳಬೇಕು ಅಂದುಕೊಳ್ಳುವಷ್ಟರಲ್ಲಿ ಮುಗಿದಿರುತ್ತದೆ. ಹೆಗಲ ಮೇಲಿನ ಬೈರಾಸು, ಬಿಟ್ಟ ಶರ್ಟಿನ ತೋಳು, ಕೈಗೆ ಕಟ್ಟಿದ ದೇವಸ್ಥಾನದ ದಾರ, ಉಂಗುರ, ವಾಚು, ಉದ್ದ ಕೂದಲು, ಎಲ್ಲದಕ್ಕೂ ಇದೇ ಮಾತು. ಮುಂಡು ಉಟ್ಟು ಡ್ರಿಲ್ಲಿನ ಎದುರು ನಿಲ್ಲುವವರನ್ನು ನಾನು ನನ್ನ ಶೆಡ್ಡಿನಲ್ಲಿ ಬಿಡುವುದಿಲ್ಲ, ಬೈಸಿಕೊಂಡವರು ಇದನ್ನು ಓದುತ್ತಿರಬಹುದು.

ಆದರೆ ಗ್ಲೌಸಿಗಿಂತ ಜಾಸ್ತಿ ಜನರಿಗೆ ಪೆಟ್ಟು ಆಗುವುದು, ನಾನು ನೋಡಿದ ಹಾಗೆ, ತುಂಡನ್ನು ಕೈಯಲ್ಲಿ ಹಿಡಿದು ಕೊರೆಯುವಾಗ. ನನಗೂ ಆಗಿದೆ. ಕಲಿಯುವ ಕಾಲ, ಅಂಗೈ ಅಗಲದ ತಗಡಿಗೆ ಒಂದೇ ಒಂದು ತೂತು, ಅದಕ್ಕೆ ಯಾರು ಕ್ಲ್ಯಾಂಪ್ ಹುಡುಕುತ್ತಾರೆ ಅಂತ ಎಡಗೈಯಲ್ಲಿ ಒತ್ತಿ ಹಿಡಿದೆ. ಮೇಲಿನಿಂದ ಚೆನ್ನಾಗಿಯೇ ಹೋಯಿತು. ಬಿಟ್ಟಿನ ತುದಿ ಕೆಳಗೆ ಹೊರಬರುವ ಹೊತ್ತಿಗೆ ಸರಿಯಾಗಿ ಅದರ ತುಟಿ ತಗಡಿಗೆ ಕಚ್ಚಿಕೊಂಡಿತು, ತಗಡು ಫ್ಯಾನಿನ ಎಲೆಯ ಹಾಗೆ ತಿರುಗಿತು. ಹೆಬ್ಬೆರಳ ಬುಡದಲ್ಲಿ ಮೂರು ಹೊಲಿಗೆಯ ಗುರುತು ಈಗಲೂ ಉಂಟು. ತೂತು ಮುಗಿಯುವ ಆ ಕೊನೆಯ ಗಳಿಗೆಯಲ್ಲೇ ಹೆಚ್ಚಿನದ್ದು ಆಗುವುದು, ಆಗ ಒತ್ತು ಕಡಿಮೆ ಮಾಡಬೇಕು ಅಂತ ಆಮೇಲೆ ಗೊತ್ತಾಯಿತು.

ಹಾಗಾಗಿ ಸಣ್ಣ ತುಂಡಾದರೆ ವೈಸು (ತುಂಡನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ಸಾಧನ), ವೈಸನ್ನು ಟೇಬಲ್ಲಿಗೆ ಬೋಲ್ಟ್. ತಗಡಾದರೆ ಕೆಳಗೊಂದು ಮೇಲೊಂದು ಮರದ ಹಲಗೆ, ಎರಡಕ್ಕೂ ಸೇರಿಸಿ ಕ್ಲ್ಯಾಂಪ್, ಅಥವಾ ಮೆಟ್ಟಿಲು ಮೆಟ್ಟಿಲಾಗಿ ಇರುವ ಸ್ಟೆಪ್ ಬಿಟ್ಟನ್ನು ಬಳಸಿ. ಉದ್ದದ ಪಟ್ಟಿಯಾದರೆ ಅದರ ಉದ್ದ ಭಾಗ ನಿಮ್ಮ ಎಡಕ್ಕೆ ಬರಲಿ, ಕಂಬದ ಎಡಬದಿಗೆ ತಾಗಿ ನಿಲ್ಲಲಿ. ಸ್ಪಿಂಡಲ್ ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತದಲ್ಲ, ಕಚ್ಚಿಕೊಂಡರೆ ಪಟ್ಟಿ ಹೋಗಿ ಕಂಬಕ್ಕೆ ತಾಗಿ ನಿಲ್ಲುತ್ತದೆ. ಬಲಕ್ಕೆ ಇಟ್ಟಿರೋ, ಅದು ಬರುವುದು ನಿಮ್ಮ ಹೊಟ್ಟೆಗೆ. ಕಚ್ಚಿಕೊಂಡದ್ದು ಗೊತ್ತಾದರೆ ಕೈಯಲ್ಲಿ ಹಿಡಿಯಲು ಹೋಗಬೇಡಿ, ಕೆಂಪು ಗುಂಡಿ ಒತ್ತಿ ಹಿಂದೆ ಸರಿಯಿರಿ.

ಚಕ್ಕನ್ನು ಬಿಗಿಯುವ ಚಕ್ ಕೀಯನ್ನು ಚಕ್ಕಿನಲ್ಲೇ ಬಿಟ್ಟು ಆನ್ ಮಾಡುವ ಅಭ್ಯಾಸ ಇದ್ದರೆ ಮಗನಿಗೆ ಒಂದು ನಿಯಮ ಹೇಳಿ: ಕೀ ಚಕ್ಕಿನಲ್ಲಿ ಇರುವಷ್ಟು ಹೊತ್ತು ಅದರ ಮೇಲೆ ಕೈಯೂ ಇರಬೇಕು. ಸುರುಳಿ ಸುರುಳಿಯಾಗಿ ಬರುವ ಕಬ್ಬಿಣವನ್ನು ಬ್ರಷ್ಷಿನಲ್ಲಿ ತೆಗೆಯಬೇಕು, ಅದೂ ಮೆಷಿನ್ ನಿಂತ ಮೇಲೆ. ಕಣ್ಣಿಗೆ ಬದಿ ಮುಚ್ಚುವ ಗಾಗಲ್ಸ್, ಓದುವ ಕನ್ನಡಕ ಸಾಲದು. ಕಾಲಿಗೆ ಹವಾಯಿ ಚಪ್ಪಲಿ ಬೇಡ, ಬಿಸಿ ಚೂರು ಬೆರಳ ಸಂದಿಯಲ್ಲಿ ಕೂತಾಗ ಕುಣಿಯುವುದು ತಿರುಗುವ ಮೆಷಿನಿನ ಎದುರೇ.

ಪ್ರಶ್ನೆ: ಕೊರೆಯುವಾಗ ಚಕ್ಕೇ ಕಳಚಿ ಬೀಳುತ್ತದೆ. ವೆಲ್ಡ್ ಮಾಡಿಬಿಡಲಾ?
(ಮಂಜೇಶ್ವರ)

ಉತ್ತರ: ಅಯ್ಯೋ, ಬೇಡ! ಚಕ್ಕಿನ ಹಿಂದಿನ ಟೇಪರಿನಲ್ಲಿ (ಚೂಪಾಗುತ್ತಾ ಹೋಗಿ ಬಿಗಿಯಾಗಿ ಕೂರುವ ಭಾಗ) ಎಣ್ಣೆ ಅಥವಾ ಧೂಳು ಸೇರಿದೆ ಅಷ್ಟೇ. ಎರಡು ಕಡೆಯೂ ಒಣ ಬಟ್ಟೆಯಲ್ಲಿ ಒರೆಸಿ, ಚಕ್ಕಿನ ಹಲ್ಲುಗಳನ್ನು ಪೂರ್ತಿ ಒಳಗೆ ತೆಗೆದು, ಮೇಲಕ್ಕೆ ದೂಡಿ ಮರದ ಕೊಡತಿಯಲ್ಲಿ ಕೆಳಗಿನಿಂದ ಒಂದು ಪೆಟ್ಟು ಕೊಡಿ. ಟೇಪರಿನಲ್ಲಿ ಗೀರು, ಗಾಯ ಇದ್ದರೆ ಮಾತ್ರ ಬದಲಿಸಬೇಕು.

ಪ್ರಶ್ನೆ: ಸಮುದ್ರ ಹತ್ತಿರ. ಕಂಬ, ಟೇಬಲ್ ಎಲ್ಲ ತುಕ್ಕು.
(ಮೊಗ್ರಾಲ್)

ಉತ್ತರ: ನಿಮ್ಮಲ್ಲಿ ಉಪ್ಪು ಗಾಳಿ, ಮೇಲಿಂದ ಮಳೆ. ಕೆಲಸ ಮುಗಿದ ದಿನವೇ ಚೂರು ಗುಡಿಸಿ, ಒಣ ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಎಣ್ಣೆ ಸವರಬೇಕು, ನಾಳೆ ಅಂದರೆ ನಾಳೆಗೆ ಕೆಂಪು. ತುಂಬಾ ದಿನ ಮುಟ್ಟದೆ ಇಡುವುದಾದರೆ ಗ್ರೀಸ್. ಪ್ಲಾಸ್ಟಿಕ್ ಟರ್ಪಾಲು ಪೂರ್ತಿ ಸುತ್ತಬೇಡಿ, ಒಳಗೆ ಬೆವರಿ ಇನ್ನೂ ಜಾಸ್ತಿ ಹಿಡಿಯುತ್ತದೆ, ಹಳೇ ಹತ್ತಿ ಬೆಡ್‌ಶೀಟು ಸಾಕು. ಬೇಸಿನ ಬೋಲ್ಟುಗಳ ತಲೆಗೂ ಜೂನ್ ಮೊದಲೇ ಗ್ರೀಸ್ ಹಚ್ಚಿ, ಇಲ್ಲದಿದ್ದರೆ ಅಕ್ಟೋಬರಿನಲ್ಲಿ ಸ್ಪ್ಯಾನರ್ ಹಿಡಿದು ನನಗೇ ಬಯ್ಯುತ್ತೀರಿ.