ನಗುತ್ತಾ ನಿಂತಿದ್ದಳು, ಉಸಿರು ಮಾತ್ರ ಕಟ್ಟುತ್ತಿತ್ತು

(ಇಬ್ಬರ ಒಪ್ಪಿಗೆ ಪಡೆದೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಯಸ್ಸು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

“ಮೇಡಂ, ಖುಷಿಯಾಗಿರಬೇಕಾದ ಜಾಗದಲ್ಲಿ ಸತ್ತೇ ಹೋಗ್ತೀನಿ ಅನ್ನಿಸೋದು ಕಾಯಿಲೆನಾ?” ಆಕೆ ಕೇಳಿದ ಮೊದಲ ಪ್ರಶ್ನೆ ಇದು. ವಯಸ್ಸು 26. ಕೆಲಸ, ಗೆಳತಿಯರು, ಮನೆ ಎಲ್ಲವೂ ಸರಿಯಾಗಿಯೇ ಇತ್ತು. ಒಬ್ಬ ಹುಡುಗನ ಪರಿಚಯವಾಗಿ ಕೆಲವು ವಾರಗಳಾಗಿದ್ದವು. ಅಲ್ಲಿವರೆಗಿನ ಭೇಟಿಗಳೆಲ್ಲ ಎದುರುಬದುರು ಕೂತು ಹೊತ್ತು ಹೋದದ್ದೇ ತಿಳಿಯದಂತೆ ಮಾತಾಡಿದ ಭೇಟಿಗಳು. ಆಮೇಲೆ ಅವನು ಒಂದು ರಾಕ್ ಶೋಗೆ ಎರಡು ಟಿಕೆಟ್ ತಂದ. ಬೇಸಿಗೆ, ಬಯಲು, ಸಾವಿರಾರು ಜನ. ಕಾಲೇಜು ದಿನಗಳಿಂದ ಅವನು ಪ್ರಾಣ ಬಿಡುತ್ತಿದ್ದ ಬ್ಯಾಂಡ್ ಅದು.

ಆಕೆಗೆ ಜನಜಂಗುಳಿ ಆಗಿ ಬರುವುದಿಲ್ಲ. ಆದರೂ ‘ಆಯ್ತು’ ಅಂದಳು. ಬೇಡ ಅಂದರೆ ಬೋರಿಂಗ್ ಹುಡುಗಿ ಅಂದುಕೊಳ್ಳುತ್ತಾನೆ ಅನ್ನುವ ಅಳುಕು.

ಆ ದಿನ ಏನೇನಾಯಿತು ಅಂತ ನಾನು ಬೆಳಗ್ಗೆಯಿಂದಲೇ ಕೇಳುತ್ತಾ ಹೋದೆ. ಇಂಥ ಪ್ರಕರಣಗಳಲ್ಲಿ ಉತ್ತರ ಎಷ್ಟೋ ಸಲ ಬೆಳಗ್ಗೆಯಲ್ಲೇ ಇರುತ್ತದೆ. ಶೌಚಾಲಯದ ಮುಂದೆ ಉದ್ದ ಸಾಲು ಇರುತ್ತದೆ ಅಂತ ಯಾರೋ ಹೇಳಿದ್ದರಂತೆ. ಹಾಗಾಗಿ ಎದ್ದಾಗಿನಿಂದ ನೀರನ್ನೇ ಸರಿಯಾಗಿ ಕುಡಿದಿರಲಿಲ್ಲ. ಗಡಿಬಿಡಿಯಲ್ಲಿ ಊಟವೂ ಅಷ್ಟಕ್ಕಷ್ಟೆ. ಚೆನ್ನಾಗಿ ಕಾಣಲಿ ಅಂತ ಬಿಗಿಯಾದ ಕಪ್ಪು ಬಟ್ಟೆ, ಇನ್ನೂ ಕಾಲಿಗೆ ಹೊಂದದ ಹೊಸ ಶೂ. ಗೇಟ್ ತೆಗೆದದ್ದು ಮಧ್ಯಾಹ್ನ, ಬ್ಯಾಂಡ್ ಬರುವುದು ಹೊತ್ತು ಮುಳುಗಿದ ಮೇಲೆ. ಸ್ಟೇಜ್ ಹತ್ತಿರವೇ ನಿಲ್ಲಬೇಕು ಅಂತ ಅವನಿಗೆ ಆಸೆ. ಅಷ್ಟೂ ಹೊತ್ತು ಇಬ್ಬರೂ ಬಿಸಿಲಲ್ಲೇ ನಿಂತರು.

ಬ್ಯಾಂಡ್ ಬಂದ ಕೂಡಲೇ ಹಿಂದಿನಿಂದ ಜನ ಒತ್ತಿದರು. ಆಕೆಯ ಎದೆ ಬಡಿದುಕೊಳ್ಳತೊಡಗಿತು. ಬೆರಳ ತುದಿ ಜುಮ್ಮೆಂದಿತು. ಎಷ್ಟು ಎಳೆದುಕೊಂಡರೂ ಉಸಿರು ಸಾಲದು. ಅವನು ತಿರುಗಿ ‘ಓಕೆನಾ?’ ಅಂತ ಕೂಗಿದಾಗಲೆಲ್ಲ ನಕ್ಕು ಹೆಬ್ಬೆರಳು ಎತ್ತಿ ತೋರಿಸುತ್ತಿದ್ದಳು. ಕೊನೆಗೆ ತಡೆಯಲಾಗದೆ ಅವನ ಕಿವಿಗೆ ಬಾಯಿ ಇಟ್ಟು ‘ಹೊರಗೆ ಹೋಗೋಣ’ ಅಂದಳು. ಆ ಸದ್ದಿನಲ್ಲಿ ಅವನಿಗೆ ಕೇಳಿಸಿದ್ದು ‘ಹೋಗೋಣ’ ಅಷ್ಟೇ. ಖುಷಿಯಿಂದ ಆಕೆಯ ಕೈ ಹಿಡಿದು ಇನ್ನೂ ಮುಂದಕ್ಕೆ, ಬ್ಯಾರಿಕೇಡ್ ಕಡೆಗೆ ಎಳೆದ.

ಆಕೆ ಕೈ ಕಿತ್ತುಕೊಂಡು ಹೊರಟಳು. ಯಾರ್ಯಾರೋ ದಾರಿ ಬಿಟ್ಟರು. ಪ್ರಥಮ ಚಿಕಿತ್ಸೆಯ ಟೆಂಟ್ ಪಕ್ಕ ಕೂತು ಫೋನ್ ಮಾಡಿದರೆ ನೆಟ್‌ವರ್ಕ್ ಇಲ್ಲ. ಹಾಗೇ ಒಬ್ಬಳೇ ಮನೆಗೆ ಹೋದಳು. ಅವನು ಶೋ ಮುಗಿಯುವವರೆಗೂ ಹುಡುಕಿದ್ದ. ರಾತ್ರಿ ಆಕೆ ಕಳಿಸಿದ ಮೆಸೇಜ್: ‘ಸಾರಿ, ನಿನ್ನ ಸಂಜೆ ಹಾಳು ಮಾಡಿದೆ.’ ಅವನ ಉತ್ತರ: ‘ಪರವಾಗಿಲ್ಲ.’ ಆಮೇಲೆ ಒಂದು ವಾರ ಇಬ್ಬರೂ ಮಾತಾಡಲಿಲ್ಲ.

ಮೊದಲು ಆಕೆಯ ದೇಹದ ವಿಷಯ. ಸೆಕೆಯಲ್ಲಿ ಮೈ ತಂಪಾಗುವುದು ಮುಖ್ಯವಾಗಿ ಬೆವರು ಆರಿದಾಗ. ಮೈಗೆ ಮೈ ತಾಗಿ ನಿಂತ ಕಡೆ ಗಾಳಿ ಆಡುವುದಿಲ್ಲ, ಬೆವರು ಆರುವುದಿಲ್ಲ, ಅಕ್ಕಪಕ್ಕದವರ ಮೈಶಾಖ ಬೇರೆ. ಗಂಟೆಗಟ್ಟಲೆ ನಿಂತಾಗ ರಕ್ತ ಕಾಲುಗಳಲ್ಲಿ ಉಳಿದು ತಲೆಗೆ ಕಡಿಮೆಯಾಗುತ್ತದೆ. ನೀರೂ ಕುಡಿದಿಲ್ಲ ಅಂದರೆ ಇದು ಇನ್ನೂ ಜಾಸ್ತಿ. ಎದೆ ಬಡಿತ, ತಲೆ ಸುತ್ತು, ವಾಕರಿಕೆ, ಬೆವರು ಎಲ್ಲ ಬರುತ್ತವೆ. ಪ್ಯಾನಿಕ್ ಅಟ್ಯಾಕ್‌ನಲ್ಲೂ, ಅಂದರೆ ಇದ್ದಕ್ಕಿದ್ದಂತೆ ನುಗ್ಗಿ ಬರುವ ತೀವ್ರ ಭಯದಲ್ಲೂ, ಇವೇ ಬರುತ್ತವೆ! ಒಂದು ಇನ್ನೊಂದನ್ನು ಎಬ್ಬಿಸುವುದೂ ಉಂಟು. ಆಕೆಗೆ ಆಗಿದ್ದು ಎರಡೂ ಸೇರಿ ಅಂತ ನನ್ನ ಅಂದಾಜು. ಬೆರಳು ಜುಮ್ಮೆಂದದ್ದು ಜೋರಾಗಿ, ಬೇಗಬೇಗ ಉಸಿರಾಡಿದ್ದರಿಂದ ಇರಬೇಕು.

ನಾನು ಕೊಟ್ಟ ಸಲಹೆ ಇಷ್ಟು. ‘ಇದು ಭಯವಾ, ಸೆಕೆಯಾ’ ಅಂತ ಗುಂಪಿನ ನಡುವೆ ನಿಂತು ಲೆಕ್ಕ ಹಾಕಬೇಡಿ. ಸೆಕೆ ಅಂತಲೇ ಇಟ್ಟುಕೊಂಡು ನಡೆಯಿರಿ. ಹೊರಗೆ ಬನ್ನಿ, ನೆರಳಲ್ಲಿ ಕೂರಿ, ಬಟ್ಟೆ ಸಡಿಲ ಮಾಡಿಕೊಳ್ಳಿ, ಸ್ವಲ್ಪ ಸ್ವಲ್ಪವೇ ನೀರು ಕುಡಿಯಿರಿ. ಅದು ಭಯವೇ ಆಗಿದ್ದರೂ ಇದರಿಂದ ನಷ್ಟವೇನಿಲ್ಲ. ಪ್ಯಾನಿಕ್ ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ಸೆಕೆಯ ಸುಸ್ತು, ತಂಪು ಮತ್ತು ನೀರು ಸಿಗುವವರೆಗೆ ಹೋಗುವುದಿಲ್ಲ. ಜೊತೆಗಿದ್ದವರು ತೊದಲಿದರೆ, ಅಸಂಬದ್ಧ ಮಾತಾಡಿದರೆ, ಪ್ರಜ್ಞೆ ತಪ್ಪಿದರೆ ಮಾತ್ರ ಒಂದು ಕ್ಷಣವೂ ಕಾಯಬಾರದು. ಅದು ಹೀಟ್ ಸ್ಟ್ರೋಕ್ ಇರಬಹುದು, ಮೈಯ ಶಾಖ 40 ಡಿಗ್ರಿ ಸೆಲ್ಸಿಯಸ್ ದಾಟಿರಬಹುದು. ವೈದ್ಯರನ್ನು ಕರೆಸಿ. ಅವರು ಬರುವವರೆಗೆ ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಇನ್ನು ಗುಂಪಿನ ಭಯ. ಇದನ್ನು ‘ಮನಸ್ಸಿನ ಭ್ರಮೆ’ ಅಂತ ತಳ್ಳಿಹಾಕುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. 2000ರಲ್ಲಿ ಡೆನ್ಮಾರ್ಕ್‌ನ ರೋಸ್ಕಿಲ್ಡೆ ಉತ್ಸವದಲ್ಲಿ ಸ್ಟೇಜ್ ಮುಂದಿನ ಒತ್ತಡಕ್ಕೆ ಸಿಕ್ಕಿ 9 ಜನ ಸತ್ತರು. 2021ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ನಡೆದ ಆಸ್ಟ್ರೋವರ್ಲ್ಡ್ ಉತ್ಸವದಲ್ಲಿ 10 ಜನ. ಇಂಥ ಕಡೆ ತುಳಿತಕ್ಕೆ ಸಿಕ್ಕಿ ಸಾಯುವುದಕ್ಕಿಂತ, ನಿಂತಲ್ಲೇ ಎದೆ ಅರಳಿಸಲಾಗದೆ ಉಸಿರು ಕಟ್ಟಿ ಸಾಯುವುದೇ ಹೆಚ್ಚು. ಒಂದು ಚದರ ಮೀಟರ್ ಜಾಗದಲ್ಲಿ ಐದಾರು ಜನಕ್ಕಿಂತ ಹೆಚ್ಚಾದರೆ ಗುಂಪು ನೀರಿನಂತೆ ಹೊಯ್ದಾಡತೊಡಗುತ್ತದೆ. ಆಗ ಎತ್ತ ಹೋಗಬೇಕು ಅನ್ನುವುದು ನಮ್ಮ ಕೈಯಲ್ಲಿ ಇರುವುದಿಲ್ಲ. ಅದಕ್ಕೇ ಸುತ್ತಲೂ ಜನ ಮೈಗೆ ತಾಗುತ್ತಿದ್ದಾರೆ, ಕೈ ಎತ್ತಿ ಮುಖ ಒರೆಸಿಕೊಳ್ಳುವುದೂ ಕಷ್ಟ ಅನ್ನಿಸಿದಾಗ ಹೊರಡಬೇಕು. ಅಷ್ಟರಲ್ಲಿ ತಡವಾಗಿದ್ದರೆ ಎರಡೂ ಕೈ ಮಡಚಿ ಎದೆಯ ಮುಂದೆ ಇಟ್ಟುಕೊಂಡು ಉಸಿರಿಗೆ ಜಾಗ ಮಾಡಿಕೊಳ್ಳಿ. ಒತ್ತಡದ ಎದುರು ತಳ್ಳಬೇಡಿ. ಅಲೆ ಸ್ವಲ್ಪ ತಗ್ಗಿದಾಗ ಓರೆಯಾಗಿ ಅಂಚಿನ ಕಡೆ ಸರಿಯಿರಿ. ಫೋನ್ ಬಿದ್ದರೆ ಬಗ್ಗಬೇಡಿ, ಬೀಳಲಿ.

ಇದನ್ನು ಕೇಳಿ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಹಾಗಾದ್ರೆ ನಾನು ಹೊರಗೆ ಬಂದಿದ್ದು ತಪ್ಪಲ್ವಾ?”

“ಅಲ್ಲ. ಸರಿಯಾದ ಕೆಲಸವನ್ನೇ ಮಾಡಿದ್ದೀರಿ.”

ಅವತ್ತಿಗೆ ಆಕೆಗೆ ಬೇಕಾಗಿದ್ದದ್ದು ಈ ಮಾತೇ ಅಂತ ನನಗೆ ಅನ್ನಿಸಿತು. ಯಾಕೆಂದರೆ ತನ್ನ ಎದೆಬಡಿತಕ್ಕೆ ಆಕೆ ಕೊಟ್ಟುಕೊಂಡಿದ್ದ ಅರ್ಥವೇ ಬೇರೆ: ‘ನಾನು ಇವನಿಗೆ ತಕ್ಕವಳಲ್ಲ.’ ಎದೆ ಯಾಕೆ ಬಡಿದುಕೊಳ್ಳುತ್ತಿದೆ ಅಂತ ನಮಗೆ ಯಾವಾಗಲೂ ಸರಿಯಾಗಿ ಗೊತ್ತಾಗುವುದಿಲ್ಲ. 1974ರಲ್ಲಿ ಡೊನಾಲ್ಡ್ ಡಟನ್ ಮತ್ತು ಆರ್ಥರ್ ಆರನ್ ಎಂಬ ಮನಶ್ಶಾಸ್ತ್ರಜ್ಞರು ಕೆನಡಾದ ಒಂದು ತೂಗುಸೇತುವೆಯ ಮೇಲೆ ನಡೆಸಿದ ಪ್ರಯೋಗ ಹೆಸರಾಗಿದೆ. ಎತ್ತರದ, ತೂಗಾಡುವ ಸೇತುವೆ ದಾಟಿದ ಗಂಡಸರು ಅಲ್ಲಿ ಮಾತಾಡಿಸಿದ ಯುವತಿಗೆ ಆಮೇಲೆ ಫೋನ್ ಮಾಡಿದ್ದು ಹೆಚ್ಚು. ಗಟ್ಟಿಯಾದ, ತಗ್ಗಿನ ಸೇತುವೆ ದಾಟಿದವರು ಮಾಡಿದ್ದು ಕಡಿಮೆ. ಭಯದ ಎದೆಬಡಿತವನ್ನು ಆಕರ್ಷಣೆ ಅಂದುಕೊಂಡಿರಬಹುದು ಅನ್ನುವುದು ಆ ಸಂಶೋಧಕರ ವಿವರಣೆ. ಈ ಹುಡುಗಿ ಅದರ ಉಲ್ಟಾ ಮಾಡಿದ್ದಳು. ಸೆಕೆ, ಸದ್ದು, ಬಾಯಾರಿಕೆ ಎಬ್ಬಿಸಿದ ಬಡಿತಕ್ಕೆ ತನ್ನ ಕೊರತೆಯೇ ಕಾರಣ ಅಂದುಕೊಂಡಿದ್ದಳು. ಮರುದಿನ ಕಿವಿಯಲ್ಲಿ ಗುಂಯ್ ಅಂತ ಕೇಳುತ್ತಿದ್ದುದನ್ನೂ ಅದೇ ಲೆಕ್ಕಕ್ಕೆ ಸೇರಿಸಿದ್ದಳು. ಅದು ಬರೀ ಸದ್ದಿನ ಪರಿಣಾಮ. 85 ಡೆಸಿಬಲ್ ಸದ್ದಿನಲ್ಲಿ 8 ಗಂಟೆ ಇರಬಹುದು ಅಂತ ಲೆಕ್ಕವಿಟ್ಟರೆ, 100 ಡೆಸಿಬಲ್‌ನಲ್ಲಿ 15 ನಿಮಿಷಕ್ಕೇ ಅದೇ ಮಿತಿ ಮುಗಿಯುತ್ತದೆ. ಸ್ಟೇಜ್ ಹತ್ತಿರ ಅಷ್ಟು ಸದ್ದು ಸುಲಭವಾಗಿ ಇರುತ್ತದೆ. ಇಯರ್‌ಪ್ಲಗ್ ಹಾಕಿಕೊಳ್ಳುವುದರಲ್ಲಿ ನಾಚಿಕೆ ಏನೂ ಇಲ್ಲ. ಆ ಗುಂಯ್ ಒಂದೆರಡು ದಿನದಲ್ಲಿ ಹೋಗದಿದ್ದರೆ ಕಿವಿಯ ಡಾಕ್ಟರನ್ನು ನೋಡಬೇಕು.

ಆಮೇಲೆ ಆಕೆಯೇ ಅವನನ್ನು ಕರೆತಂದಳು. ಒಳ್ಳೆಯ ಹುಡುಗ. ಕುರ್ಚಿಯ ತುದಿಯಲ್ಲಿ ಕೂತಿದ್ದ. “ನಾನು ತಿರುಗಿ ನೋಡಿದಾಗಲೆಲ್ಲ ನಗ್ತಾನೇ ಇದ್ಲು ಮೇಡಂ” ಅಂದ. ಆ ಒಂದು ವಾರ ಯಾಕೆ ಮಾತಾಡಲಿಲ್ಲ ಅಂತ ಕೇಳಿದೆ. ಉತ್ತರ ಬರಲು ಹೊತ್ತು ಹಿಡಿಯಿತು. ಜನ ತಳ್ಳುತ್ತಿದ್ದಾಗ ಆಕೆಗೆ ತಾಗದಿರಲಿ ಅಂತ ಅವನು ಹಿಂದೆ ನಿಂತು ಎರಡೂ ಕೈಯಿಂದ ಬಳಸಿ ಹಿಡಿದಿದ್ದನಂತೆ. ಅದಕ್ಕೂ ಮುಂಚೆ ಅವರಿಬ್ಬರು ಅಷ್ಟು ಹತ್ತಿರ ಬಂದವರೇ ಅಲ್ಲ. ಆಕೆ ಕೈ ಕಿತ್ತುಕೊಂಡು ಹೋದಾಗ, ಗುಂಪಿನ ನೆಪದಲ್ಲಿ ತಾನು ಮೈಮೇಲೆ ಬಿದ್ದೆ ಅಂತ ಆಕೆ ತಿಳಿದಳು ಅಂದುಕೊಂಡಿದ್ದ. ನಾಚಿಕೆಯಿಂದ ಫೋನ್ ಮಾಡಿರಲಿಲ್ಲ. ‘ಕೋಪ ಬಂದಿದೆ, ಅದಕ್ಕೇ ಫೋನ್ ಇಲ್ಲ’ ಅಂತ ಆಕೆ ಅಂದುಕೊಂಡಿದ್ದಳು.

ನಾನು ಆಕೆಯ ಕಡೆ ತಿರುಗಿದೆ. ಆಗ ಆಕೆ ಹೇಳಿದ ಮಾತು ಬಹಳ ಪ್ರಾಮಾಣಿಕವಾಗಿತ್ತು. “ನೀನು ಹಿಡ್ಕೊಂಡಾಗ ಒಂದು ಕಡೆ ಧೈರ್ಯ ಬಂತು. ಇನ್ನೊಂದು ಕಡೆ, ಇನ್ನು ಇಲ್ಲಿಂದ ಹೋಗೋಕೆ ಆಗಲ್ಲ ಅನ್ನಿಸ್ತು. ಎರಡೂ ಒಟ್ಟಿಗೇ.”

ಗುಂಪಿನ ಡೇಟ್‌ಗಳಲ್ಲಿ ಇದು ದೊಡ್ಡ ವಿಷಯ, ಆದರೆ ಯಾರೂ ಬಾಯಿ ಬಿಟ್ಟು ಮಾತಾಡುವುದಿಲ್ಲ. ಎಷ್ಟು ಹತ್ತಿರ ಬರಬೇಕು ಅಂತ ಇಬ್ಬರು ತೀರ್ಮಾನಿಸುವ ಮೊದಲೇ ಗುಂಪು ಅವರನ್ನು ಹತ್ತಿರ ತಳ್ಳಿಬಿಡುತ್ತದೆ. ಕಾಪಾಡುವ ಕೈಗೂ ತಡೆಯುವ ಕೈಗೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ಹಾಗಾಗಿ ಒಳಗೆ ಹೋಗುವ ಮುಂಚೆಯೇ ಕೇಳಿಬಿಡಬೇಕು: ‘ಜನ ತಳ್ಳಿದರೆ ಹಿಂದೆ ನಿಂತು ಹಿಡ್ಕೊಳ್ಳಲಾ, ಕೈ ಹಿಡಿದರೆ ಸಾಕಾ?’ ಹೀಗೆ ಕೇಳಿದರೆ ಪ್ರಣಯದ ಸ್ವಾರಸ್ಯ ಹೋಗುತ್ತದೆ ಅಂತ ಅವನಿಗೆ ಅನುಮಾನ. ಆಕೆ ತಕ್ಷಣ ‘ಇಲ್ಲ, ನೀನು ಕೇಳಿದ್ರೆ ನಂಗೆ ಇಷ್ಟ ಆಗ್ತಿತ್ತು’ ಅಂದಳು. ಅಲ್ಲಿಗೆ ನಾನು ಹೇಳಬೇಕಾದ್ದು ಏನೂ ಉಳಿಯಲಿಲ್ಲ.

‘ಓಕೆನಾ?’ ಅನ್ನುವ ಪ್ರಶ್ನೆಯನ್ನು ಬಿಟ್ಟುಬಿಡಿ ಅಂತ ಅವನಿಗೆ ಹೇಳಿದೆ. ಹೊಸ ಪರಿಚಯದಲ್ಲಿ ಅದಕ್ಕೆ ‘ಹೂಂ’ ಬಿಟ್ಟು ಬೇರೆ ಉತ್ತರ ಬರುವುದು ಅಪರೂಪ. ‘ನೀರು ಕುಡಿಯೋಣವಾ, ಪಕ್ಕಕ್ಕೆ ಹೋಗೋಣವಾ’ ಅಂತ ಕೇಳಿದರೆ ಎದುರಿನವರು ಆರಿಸಿಕೊಳ್ಳಬಹುದು. ಜೋರು ಸದ್ದಿನಲ್ಲಿ ಮಾತನ್ನು ನಂಬಿಕೊಳ್ಳುವುದೇ ಬೇಡ. ಕೈಯನ್ನು ಎರಡು ಸಲ ಒತ್ತಿದರೆ ‘ಹೊರಡೋಣ’ ಅಂತ ಅರ್ಥ ಅಂತ ಇಬ್ಬರೂ ಅಲ್ಲೇ ಗೊತ್ತು ಮಾಡಿಕೊಂಡರು. ಒತ್ತಿದ ಮೇಲೆ ‘ಇನ್ನೊಂದೇ ಹಾಡು’ ಅನ್ನುವಂತಿಲ್ಲ, ಯಾಕೆ ಅಂತ ಕೇಳುವಂತೆಯೂ ಇಲ್ಲ, ಮುಖದ ಮೇಲೆ ಬೇಸರ ತೋರಿಸುವಂತೆಯೂ ಇಲ್ಲ. ಈ ಕೊನೆಯದನ್ನು ನಾನೇ ಒತ್ತಾಯ ಮಾಡಿ ಸೇರಿಸಿದೆ. ಬೇಸರದ ಮುಖ ಒಂದು ಸಲ ಕಂಡರೆ ಸಾಕು, ಮುಂದಿನ ಸಲ ಆಕೆ ಕೈ ಒತ್ತುವುದಿಲ್ಲ, ಮತ್ತೆ ನಗುತ್ತಾ ನಿಲ್ಲುತ್ತಾಳೆ.

ಜಾಗದ ವಿಷಯ ಅವನಿಗೆ ಸ್ವಲ್ಪ ಕಹಿಯಾಯಿತು. ಬ್ಯಾರಿಕೇಡ್ ಪಕ್ಕ ನಿಲ್ಲುವುದೇ ನಿಜವಾದ ಅಭಿಮಾನ ಅಂತ ಅವನ ನಂಬಿಕೆ. ಆದರೆ ಸೌಂಡ್ ಎಂಜಿನಿಯರ್ ಸದ್ದನ್ನು ಹದ ಮಾಡುವುದು ಪ್ರೇಕ್ಷಕರ ನಡುವೆ, ಸ್ವಲ್ಪ ಹಿಂದೆ ಇರುವ ಮಿಕ್ಸಿಂಗ್ ಕನ್ಸೋಲ್ ಹತ್ತಿರ ಕೂತು. ಹಾಗಾಗಿ ಹಾಡು ಹದವಾಗಿ ಕೇಳುವುದೂ ಆ ಸುತ್ತಮುತ್ತಲೇ. ಅಲ್ಲಿಂದ ಹಿಂದೆ, ಅಂಚಿಗೆ ನಿಂತರೆ ಸಾಮಾನ್ಯವಾಗಿ ಗಾಳಿಯೂ ಇರುತ್ತದೆ, ದಾರಿಯೂ ಇರುತ್ತದೆ. ಒಳಗೆ ಹೋದ ಕೂಡಲೇ ಹೊರದಾರಿ, ನೀರು ಸಿಗುವ ಜಾಗ, ಪ್ರಥಮ ಚಿಕಿತ್ಸೆಯ ಟೆಂಟ್ ಮೂರನ್ನೂ ನೋಡಿಟ್ಟುಕೊಳ್ಳಿ ಅಂದೆ. ಅಷ್ಟು ಜನ ಒಂದೇ ಕಡೆ ಫೋನ್ ಬಳಸಿದಾಗ ನೆಟ್‌ವರ್ಕ್ ಕೈಕೊಡುತ್ತದೆ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅಂತ ಮುಂಚೆಯೇ ಮಾತಾಡಿಕೊಂಡಿರಬೇಕು. ಆಕೆಗೆ ಹೇಳಿದ್ದು ಸರಳ: ಬೆಳಗ್ಗೆಯಿಂದ ನೀರು ಕುಡಿಯಿರಿ, ಹೊಟ್ಟೆಗೆ ತಿನ್ನಿ, ಶೌಚಾಲಯದ ಸಾಲಿನಲ್ಲಿ ನಿಲ್ಲಿ. ತೆಳುವಾದ, ಸಡಿಲವಾದ ಬಟ್ಟೆ ಹಾಕಿಕೊಳ್ಳಿ. ಒಂದೇ ಸಮ ನಿಲ್ಲಬೇಕಾದಾಗ ಮೀನಖಂಡಗಳನ್ನು ಆಗಾಗ ಬಿಗಿ ಮಾಡಿ ಬಿಡಿ, ರಕ್ತ ಮೇಲಕ್ಕೆ ಏರುತ್ತದೆ.

ಇಬ್ಬರೂ ಈಗ ಮಾತಾಡುತ್ತಿದ್ದಾರೆ. ಸಂಜೆ ತಂಪಾದ ಮೇಲೆ ಶುರುವಾಗುವ ಒಂದು ಸಣ್ಣ ಶೋಗೆ ಹೋಗಿ ಬಂದರು. ಅರ್ಧದಲ್ಲಿ ಆಕೆ ಕೈ ಒತ್ತಿದಳು, ಹೊರಗೆ ಬಂದರು, ಸ್ವಲ್ಪ ಹೊತ್ತು ಕೂತು ಆಕೆಯೇ ಮತ್ತೆ ಒಳಗೆ ಕರೆದುಕೊಂಡು ಹೋದಳು. ಇದರ ನಡುವೆ ಇನ್ನೊಂದು ವಿಷಯ ಹೊರಬಿತ್ತು. ಈ ಶೋಗೂ ಮುಂಚೆ ಒಂದು ದಿನ, ಸೆಕೆಯಾಗಲಿ ಸದ್ದಾಗಲಿ ಇಲ್ಲದ ಲಿಫ್ಟ್‌ನಲ್ಲಿ ಆಕೆಗೆ ಹೀಗೇ ಆಗಿತ್ತು. ಅಂದಿನಿಂದ ಮೆಟ್ಟಿಲನ್ನೇ ಹತ್ತುತ್ತಿದ್ದಾಳೆ. ಇದಕ್ಕೆ ನೀರು, ನೆರಳು ಸಾಲದು. ಹೃದಯ, ಥೈರಾಯ್ಡ್ ತೊಂದರೆ ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಮೊದಲು ವೈದ್ಯರ ಹತ್ತಿರ ಕಳಿಸಿದ್ದೇನೆ. ಆ ವರದಿ ನೋಡಿಕೊಂಡು, ಆಕೆಯೊಬ್ಬಳ ಜೊತೆ ಬೇರೆಯಾಗಿ ಮುಂದುವರಿಯುತ್ತೇನೆ.